ಬೆಟ್ಟದ ತುದಿಯ ಕನ್ನಡಿ

ಬಾಲ್ಯದಲ್ಲಿ ಕನ್ನಡಿಯ ಚೂರೊಂದನ್ನು ಬಿಸಿಲಿಗೆ ಹಿಡಿದು, ಎದುರುಮನೆಯ ಗೋಡೆಯ ಮೇಲೆ ಬೆಳಕಿನ ಬಿಲ್ಲೆಯನ್ನು ಓಡಿಸಿ ನಾನು ಬೈಸಿಕೊಂಡದ್ದುಂಟು. ನಿಮ್ಮಲ್ಲಿ ಹಲವರು ಇದೇ ಅಪರಾಧದಲ್ಲಿ ಪಾಲುದಾರರಿರಬಹುದು. ಆ ಆಟವನ್ನೇ ಗಣಿತಜ್ಞನೊಬ್ಬ ಭೂಮಿಯನ್ನು ಅಳೆಯುವುದಕ್ಕೆ ಬಳಸಿಕೊಂಡ.

ಹಿಂದೆ ದೇಶಗಳನ್ನು ಅಳೆಯುತ್ತಿದ್ದವರು ನೆಲದ ಮೇಲೆ ಒಂದು ಆಧಾರರೇಖೆಯನ್ನು ಸರಪಳಿಯಿಂದ ಅಳೆದರೆ, ಮುಂದಿನದೆಲ್ಲ ತ್ರಿಕೋನಗಳ ಲೆಕ್ಕ. ಬೆಟ್ಟದಿಂದ ಬೆಟ್ಟಕ್ಕೆ ಕೋನಗಳನ್ನು ಹಿಡಿಯಬೇಕು. ಅದಕ್ಕೆ ದೂರದ ಬೆಟ್ಟದ ಗುರುತು ಕಣ್ಣಿಗೆ ಬೀಳಬೇಕು. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ನಮ್ಮ ಬೆಂಗಳೂರಿನ ಬಳಿ ಆಧಾರರೇಖೆ ಅಳೆದ ಕಾಲಕ್ಕೆ ಹಗಲಿನ ಗುರುತೆಂದರೆ ಬಾವುಟ. ಐವತ್ತು ಕಿಲೋಮೀಟರಿನಾಚೆಯ ಬಾವುಟ ಧೂಳುಮಂಜಿನಲ್ಲಿ ಕರಗಿಹೋಗುತ್ತದೆ.

ಹ್ಯಾನೋವರ್ ರಾಜ್ಯದ ಸರ್ವೆಯಲ್ಲಿ ತೊಡಗಿದ್ದ ಕಾರ್ಲ್ ಫ್ರೀಡ್ರಿಕ್ ಗೌಸ್ ಒಮ್ಮೆ ಲೂನೆಬರ್ಗಿನಿಂದ ಹ್ಯಾಂಬರ್ಗಿನ ಚರ್ಚಿನ ಗೋಪುರವನ್ನು ದುರ್ಬೀನಿನಲ್ಲಿ ನೋಡುತ್ತಿದ್ದ. ನಡುವಣ ದೂರ 40 ಕಿಲೋಮೀಟರಿಗೂ ಹೆಚ್ಚು. ಗೋಪುರದ ಕಿಟಕಿಯ ಗಾಜಿನಿಂದ ಚಿಮ್ಮಿದ ಬಿಸಿಲು ಆತನ ಕಣ್ಣು ಕುಕ್ಕಿತು. ಕೆಲಸಕ್ಕೆ ಅಡ್ಡಿಯಾದ ಆ ಹೊಳಪೇ 1821ರಲ್ಲಿ ಹೀಲಿಯೋಟ್ರೋಪ್ ಎಂಬ ಉಪಕರಣವಾಯಿತು. ದುರ್ಬೀನಿನ ಮುಂದೆ ಒಂದಕ್ಕೊಂದು ಲಂಬವಾಗಿ ನಿಲ್ಲಿಸಿದ ಕನ್ನಡಿಗಳು. ಅವನ್ನು ತಿರುಗಿಸುತ್ತ ಸೂರ್ಯಬಿಂಬವನ್ನು ದೂರದ ಗುರಿಯ ಮೇಲೆ ಕೂರಿಸಬೇಕು. ಆಗ ಒಂದು ಕನ್ನಡಿ ಬೆಳಕನ್ನು ನೋಡುವವನ ಕಣ್ಣಿಗೂ ಇನ್ನೊಂದು ನೇರ ವಿರುದ್ಧ ದಿಕ್ಕಿಗೆ, ಅಂದರೆ ಗುರಿಯತ್ತಲೂ ಕಳಿಸುತ್ತದೆ. ಎಷ್ಟು ಸರಳ, ಎಷ್ಟು ಜಾಣತನ!

ಇಲ್ಲಿ ಸೂರ್ಯನ ಉಪಕಾರವನ್ನೂ ನೆನೆಯಬೇಕು. ಅವನು ಬರಿಯ ಚುಕ್ಕೆಯಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲದ ತಟ್ಟೆ. ಆದ್ದರಿಂದ ಕನ್ನಡಿಯಿಂದ ಹೊರಟ ಬೆಳಕೂ ಅಷ್ಟೇ ಹರಡುತ್ತ ಹೋಗಿ, 50 ಕಿಲೋಮೀಟರ್ ದೂರದಲ್ಲಿ ಸುಮಾರು 460 ಮೀಟರ್ ಅಗಲವಾಗುತ್ತದೆ. ಗುರಿ ತುಸು ತಪ್ಪಿದರೂ ಕ್ಷಮೆಯುಂಟು. ಆದರೆ ಬಹಳ ಹೊತ್ತಿನ ಕ್ಷಮೆಯಲ್ಲ. ಸೂರ್ಯ ನಿಮಿಷಕ್ಕೆ ಕಾಲು ಡಿಗ್ರಿ ಸರಿಯುತ್ತಾನೆ. ಕನ್ನಡಿಯನ್ನು ಹಾಗೆಯೇ ಬಿಟ್ಟರೆ ನಿಮಿಷವೊಂದರಲ್ಲಿ ಬೆಳಕು ಗುರಿಯನ್ನು ದಾಟಿಬಿಡುತ್ತದೆ. ಕನ್ನಡಿ ತಿರುಗಿದ್ದಕ್ಕೆ ಎರಡರಷ್ಟು ಕಿರಣ ತಿರುಗುವುದರಿಂದ ಕೈ ನಡುಗುವಂತೆಯೂ ಇಲ್ಲ.

ಜಾರ್ಜ್ ಎವರೆಸ್ಟ್ 1830ರಲ್ಲಿ ಈ ಕನ್ನಡಿಗಳನ್ನು ಭಾರತಕ್ಕೆ ತಂದ. ನನ್ನ ಮನಸ್ಸು ಎವರೆಸ್ಟನಿಗಿಂತ ಹೆಚ್ಚಾಗಿ ಬೆಟ್ಟದ ತುದಿಯಲ್ಲಿ ಕನ್ನಡಿ ತಿರುಗಿಸುತ್ತಿದ್ದ ಖಲಾಸಿಯತ್ತ ಹರಿಯುತ್ತದೆ. ನಡುಮಧ್ಯಾಹ್ನದ ಕಾವಿಗೆ ಗಾಳಿ ಕುದಿದು ಬೆಳಕು ಕುಣಿಯುವುದರಿಂದ, ಇಳಿಹೊತ್ತಿಗಾಗಿ ಕಾಯಬೇಕು. ಮೋಡ ಕವಿದರೆ ನಾಳೆ. ಕಾಡುಜ್ವರ ಬೇರೆ. ಅತ್ತ ಥಿಯೊಡೊಲೈಟಿಗೆ ಕಣ್ಣಿಟ್ಟ ಅಧಿಕಾರಿಗೆ ಕಾಣುವುದು ಅವನಲ್ಲ, ಹಗಲಿನಲ್ಲಿ ಹುಟ್ಟಿದ ಒಂದು ನಕ್ಷತ್ರ. ಅದು ಹಠಾತ್ತನೆ ಆರಿದರೆ ಅಡ್ಡ ಬಂದದ್ದು ಮೋಡವೋ, ಆ ಮನುಷ್ಯನನ್ನು ಕೆಡವಿದ್ದು ಜ್ವರವೋ ಎಂಬುದು ದುರ್ಬೀನಿನಲ್ಲಿ ತಿಳಿಯುತ್ತಿರಲಿಲ್ಲ.