ಕೊಯ್ಯದೆ ಹೊಟ್ಟೆಯೊಳಗೆ ಇಣುಕಿದಾಗ

ಬನದ ಹುಣ್ಣಿಮೆಗೆ ಚೊಳಚಗುಡ್ಡದಲ್ಲಿ ಬನಶಂಕರಿ ಜಾತ್ರೆ. ಆ ದಿನಗಳಲ್ಲಿ ಯಾರಿಗಾದರೂ ಹೊಟ್ಟೆ ಕಡಿದರೆ ಮೊದಲು ಬೈಗುಳ ತಿನ್ನುವುದು ಮಿರ್ಚಿ ಭಜಿ. ಅದಲ್ಲದಿದ್ದರೆ ‘ಬಟ್ಟಿ ಜಾರಿದೆ’ ಎಂದು ಹೊಟ್ಟೆ ತಿಕ್ಕಿಸುತ್ತಾರೆ. ಬಹುಪಾಲು ನೋವು ತಾನಾಗಿಯೇ ಇಳಿಯುತ್ತದೆ, ಹೆಸರು ತಿಕ್ಕಿದವರಿಗೆ ಬರುತ್ತದೆ.

ಇಳಿಯದ ನೋವಿನ ಮಾತೇ ಬೇರೆ. ಪೆಟ್ಟು ಬೀಳದಿದ್ದರೂ ಅಪೆಂಡಿಕ್ಸ್ ಬಾತಿರಬಹುದು, ಜಠರದ ಹುಣ್ಣು ತೂತಾಗಿರಬಹುದು, ಕರುಳು ಕಟ್ಟಿಕೊಂಡಿರಬಹುದು, ಮೂತ್ರನಾಳದಲ್ಲಿ ಹಳ್ಳು ಸಿಕ್ಕಿರಬಹುದು. ತೂತಿಗೆ ಸಾಮಾನ್ಯವಾಗಿ ತುರ್ತು ಆಪರೇಷನ್ ಬೇಕು. ಮೇದೋಜೀರಕ ಗ್ರಂಥಿಯ ಉರಿಯೂತಕ್ಕೆ ಆರಂಭದಲ್ಲಿ ಕತ್ತರಿ ಹಾಕದಿರುವುದೇ ಲೇಸು. ಹಿಂದೆ ಅನುಮಾನ ಬಗೆಹರಿಯದಿದ್ದರೆ ಹೊಟ್ಟೆ ತೆರೆದೇ ನೋಡುತ್ತಿದ್ದರು.

ಈಗ ಆ ಕೆಲಸ ಸಿ.ಟಿ. ಸ್ಕ್ಯಾನಿನದು. ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ರೂಪಿಸಿದ ಯಂತ್ರ 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಮೊದಲ ರೋಗಿಯ ಮಿದುಳನ್ನು ತೋರಿಸಿತು. 1979ರ ನೊಬೆಲ್ ಅವರಿಗೂ ಇದರ ಹಿಂದಿನ ಗಣಿತ ರೂಪಿಸಿದ ಅಲನ್ ಕಾರ್ಮ್ಯಾಕ್‌ಗೂ ಸಂದಿತು. ಎಕ್ಸ್-ರೇ ಕೊಳವೆ ದೇಹದ ಸುತ್ತ ತಿರುಗುತ್ತದೆ. ಯಾವ ದಿಕ್ಕಿನಲ್ಲಿ ಎಷ್ಟು ಕಿರಣ ಹೀರಲ್ಪಟ್ಟಿತೆಂದು ಲೆಕ್ಕ ಹಾಕುವ ಕಂಪ್ಯೂಟರ್, ಉಳ್ಳಾಗಡ್ಡಿ ಹೆಚ್ಚಿದಂತೆ ಹೊಟ್ಟೆಯನ್ನು ಬಿಲ್ಲೆ ಬಿಲ್ಲೆಯಾಗಿ ತೋರಿಸುತ್ತದೆ.

ಹೌನ್ಸ್‌ಫೀಲ್ಡ್ ಹೆಸರಿನ ಅಳತೆಯಲ್ಲಿ ನೀರಿಗೆ 0, ಗಾಳಿಗೆ ಮೈನಸ್ 1000, ಕೊಬ್ಬಿಗೆ ಸುಮಾರು ಮೈನಸ್ 100. ಹಾಗಾಗಿ ಕರುಳಿನಿಂದ ಹೊರಬಿದ್ದ ನಾಲ್ಕು ಗುಳ್ಳೆ ಗಾಳಿಯೂ ಕಪ್ಪಗೆ ಕಂಡು ತೂತಿನ ಸುಳಿವು ಕೊಡುತ್ತದೆ. ಹಳ್ಳು ಬೆಳ್ಳಗೆ ಕಾಣುತ್ತದೆ. ಉಬ್ಬಿದ ಕರುಳು ಎಲ್ಲಿ ಥಟ್ಟನೆ ಸಣ್ಣದಾಯಿತೋ ಅಲ್ಲೇ ತಡೆ. ರಕ್ತನಾಳಕ್ಕೆ ಅಯೋಡಿನ್ ಬೆರೆತ ಕಾಂಟ್ರಾಸ್ಟ್ ಔಷಧ ಕೊಟ್ಟರೆ, ರಕ್ತ ಹರಿಯದ ಕರುಳು ಬೆಳಗದೆ ಉಳಿಯುತ್ತದೆ.

ಹಾಗೆಂದು ಎಲ್ಲ ಹೊಟ್ಟೆನೋವಿಗೂ ಇದು ಬೇಡ. ಒಮ್ಮೆಯ ಸ್ಕ್ಯಾನಿನ ವಿಕಿರಣ ಸುಮಾರು 8 ಮಿಲಿಸೀವರ್ಟ್, ಅಂದರೆ ನಿಸರ್ಗದಿಂದಲೇ ನಮಗೆ ಕೆಲವು ವರ್ಷಗಳಲ್ಲಿ ತಾಗುವಷ್ಟು. ಮಕ್ಕಳಿಗೆ, ಗರ್ಭಿಣಿಯರಿಗೆ, ಪಿತ್ತಕೋಶದ ಹಳ್ಳಿಗೆ ಮೊದಲು ಅಲ್ಟ್ರಾಸೌಂಡ್.

ಹೊಟ್ಟೆ ಹಲಗೆಯಾದರೆ, ವಾಂತಿ ನಿಲ್ಲದಿದ್ದರೆ, ಗಾಳಿ-ಮಲ ಎರಡೂ ಕಟ್ಟಿದರೆ, ತಲೆ ಸುತ್ತಿ ಬಿದ್ದರೆ ತಿಕ್ಕಿಸಬೇಡಿ, ಏನನ್ನೂ ತಿನ್ನಿಸಬೇಡಿ. 108ಕ್ಕೆ ಕರೆಮಾಡಿ ಬಾದಾಮಿಗೋ ಬಾಗಲಕೋಟೆಗೋ ಹೊರಡಿ. ನೋವು ಶುರುವಾದ ಹೊತ್ತು, ಹಿಂದಿನ ಆಪರೇಷನ್, ನುಂಗುವ ಗುಳಿಗೆ, ಕಿಡ್ನಿ ತೊಂದರೆ, ಗರ್ಭ ನಿಂತಿರುವ ಸಾಧ್ಯತೆ, ಎಲ್ಲವನ್ನೂ ವೈದ್ಯರಿಗೆ ಹೇಳಿ. ಸ್ಕ್ಯಾನ್ ಬೇಕೇ, ಬೇಕಾದರೆ ಎಂಥದ್ದು ಎಂಬುದು ತೀರ್ಮಾನವಾಗುವುದು ಆ ಮಾತಿನ ಮೇಲೆ.