ಪಂಕ್ತಿಯಲ್ಲಿ ಬಡಿಸುವ ಪ್ರೊಸೆಸರು

ಕುಂಭಾರಿಯಲ್ಲಿ ಕುಳಿತು ನೀವು ಮಾಡುವ ವಿಡಿಯೊ ಕರೆ,
ದೂರದ ಸರ್ವರೊಂದರಲ್ಲಿ ನೆಲೆಸಿರುವ ಹತ್ತಾರು ಕಲ್ಪಿತ (ವರ್ಚುಯಲ್) ಯಂತ್ರಗಳ ನಡುವೆ,
ತನ್ನ ದಾರಿಯನ್ನು ಕಂಡುಕೊಳ್ಳುವುದೆಂತು?

ಕರೆಯ ದತ್ತಾಂಶದ ತುಣುಕುಗಳಾದ ಪ್ಯಾಕೆಟ್ಟುಗಳನ್ನು ಆಯಾ ಯಂತ್ರಕ್ಕೆ ಹಂಚುವುದು ವರ್ಚುಯಲ್ ಸ್ವಿಚ್ ಎಂಬ ತಂತ್ರಾಂಶ.
ಆದರೆ 10 ಗಿಗಾಬಿಟ್ ತಂತಿಯಲ್ಲಿ
ಅತಿ ಕಿರಿಯ ಪ್ಯಾಕೆಟ್ಟುಗಳೇ ತುಂಬಿ ಬಂದರೆ,
ಸೆಕೆಂಡಿಗೆ ಸುಮಾರು ಒಂದೂವರೆ ಕೋಟಿ!
ಪ್ರತಿಯೊಂದೂ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನೆಲ್ಲಿನ ಬಾಗಿಲು ತಟ್ಟಿ,
ಅಪ್ಪಣೆ ಪಡೆದೇ ಸಾಗಬೇಕೆಂದರೆ,
ಎಂತಹ ಬಲಿಷ್ಠ ಪ್ರೊಸೆಸರಾದರೂ ಬಳಲದಿರಲಾರದು.

ನಮ್ಮ ಅಕ್ಕಲಕೋಟೆಯ ಅನ್ನಛತ್ರವನ್ನು ನೆನೆಯಿರಿ.
ಉಣ್ಣುವವರು ಕೂಗಿ ಕರೆಯಲೆಂದು ಕಾಯದೆ,
ಬಡಿಸುವವರು ತಾವೇ ಪಂಕ್ತಿಯುದ್ದಕ್ಕೂ ನಡೆದು,
ಎಲ್ಲರಿಗೂ ಬಡಿಸುತ್ತ ಹೋಗುವರಷ್ಟೆ?
ಪ್ಯಾಕೆಟ್ಟುಗಳನ್ನು ವೇಗವಾಗಿ ಸಾಗಿಸುವ ಡಿಪಿಡಿಕೆ ಎಂಬ ತಂತ್ರಾಂಶದ ರೀತಿಯೂ ಅದೇ.
ಪ್ರೊಸೆಸರಿನ ಒಂದೆರಡು ಕೋರ್‌ಗಳು,
ಕರ್ನೆಲ್ಲನ್ನು ಬದಿಗಿರಿಸಿ,
ನೆಟ್‌ವರ್ಕ್ ಕಾರ್ಡನ್ನು ಎಡೆಬಿಡದೆ ನೋಡುತ್ತ,
ಓಪನ್ ವಿಸ್ವಿಚ್ ಎಂಬ ವರ್ಚುಯಲ್ ಸ್ವಿಚ್‌ನಲ್ಲಿ ಒಮ್ಮೆಗೆ 32 ಪ್ಯಾಕೆಟ್ಟುಗಳವರೆಗೆ ಎತ್ತಿಕೊಳ್ಳುವುವು.

2010ರಲ್ಲಿ ಇಂಟೆಲ್‌ನಲ್ಲಿ ಮೊದಲಾದ ಈ ವಿದ್ಯೆಯ ಸಮ್ಮೇಳನ,
2017ರಲ್ಲಿ ಬೆಂಗಳೂರಿನಲ್ಲಿಯೇ ನೆರೆಯಿತೆಂಬುದು
ಕನ್ನಡಿಗರಾದ ನಮಗೆ ಸಂತೋಷದ ಸಂಗತಿ.

ಅಳವಡಿಸುವವರು ಒಂದನ್ನು ಮಾತ್ರ ಮರೆಯತಕ್ಕದ್ದಲ್ಲ.
ಸಂಚಾರವೇ ಇಲ್ಲದ ನಡುರಾತ್ರಿಯಲ್ಲಿಯೂ
ಆ ಕೋರ್‌ಗಳು ಸಾಮಾನ್ಯವಾಗಿ ಪೂರ್ಣವೇಗದಲ್ಲಿ ದುಡಿಯುತ್ತಲೇ ಇರುವುವು;
ಅವನ್ನು ಅನ್ಯಕಾರ್ಯಕ್ಕೆ ಹಚ್ಚುವಂತಿಲ್ಲ,
ದೊಡ್ಡ ಪುಟಗಳ (ಹ್ಯೂಜ್ ಪೇಜ್) ಮೆಮೊರಿಯನ್ನೂ ಮೊದಲೇ ಕಾದಿರಿಸಬೇಕು.
ಮೊಬೈಲ್ ಕಂಪನಿಯ ಮಹಾಜಾಲಕ್ಕೆ ಈ ವೆಚ್ಚ ಸಾರ್ಥಕ;
ಸಣ್ಣ ಕಚೇರಿಯ ಸರ್ವರಿಗೆ
ಕರ್ನೆಲ್ಲಿನ ಮೂಲಕವೇ ಸಾಗುವ ಹಳೆಯ ಸ್ವಿಚ್ಚೇ ಸಾಕು.