ಇಂಧನದ ಭದ್ರತೆಯೂ ಪರದೇಶದ ಬಂಡವಾಳವೂ

ಮಲೆನಾಡಿನ ಗೃಹಸ್ಥರು ಮಳೆ ಹಿಡಿಯುವ ಮುನ್ನ ಸೌದೆ ಕಡಿಸಿ, ಒಣಗಿಸಿ, ಕೊಟ್ಟಿಗೆಯಲ್ಲಿ ಒಟ್ಟಿಕೊಳ್ಳುತ್ತಿದ್ದುದನ್ನು ಕೇಳುಗರಲ್ಲಿ ಹಿರಿಯರಾದವರು ಕಂಡಿರಬಹುದು. ‘ಇಂಧನ ಭದ್ರತೆ’ ಎಂಬ ಇಂದಿನ ದೊಡ್ಡ ಮಾತಿಗೆ ಅದಕ್ಕಿಂತ ಹೆಚ್ಚಿನ ವ್ಯಾಖ್ಯಾನ ಬೇಕಾಗಿಲ್ಲ. ಬೇಕಾದಾಗ, ಬೇಕಾದಷ್ಟು, ತೆರಬಲ್ಲ ಬೆಲೆಗೆ ಉರುವಲು ದೊರೆಯುವಂತಿರಬೇಕು, ಅಷ್ಟೆ. ವ್ಯತ್ಯಾಸವೆಂದರೆ, ಆ ಸೌದೆ ಹಿತ್ತಿಲಾಚೆಯ ಕಾಡಿನಿಂದ ಬರುತ್ತಿತ್ತು. ನಮ್ಮ ದೇಶ ಬಳಸುವ ಕಚ್ಚಾ ತೈಲದಲ್ಲಿ ಶೇಕಡಾ 85ಕ್ಕೂ ಹೆಚ್ಚು ಭಾಗ ಹೊರದೇಶಗಳಿಂದ ಬರುತ್ತದೆ.

ಸೌದೆಯ ಕೊಟ್ಟಿಗೆಗೆ ಬದಲಾಗಿ ನಾವು ಮಂಗಳೂರು, ಪಾದೂರು, ವಿಶಾಖಪಟ್ಟಣಗಳಲ್ಲಿ ನೆಲದಡಿಯ ಬಂಡೆಯನ್ನು ಕೊರೆದು ತೈಲದ ಕಣಜಗಳನ್ನು ಮಾಡಿಕೊಂಡಿದ್ದೇವೆ. ಮೂರೂ ಸೇರಿ 53 ಲಕ್ಷ ಟನ್ನಿಗೆ ತುಸು ಹೆಚ್ಚು ಹಿಡಿಯುತ್ತವೆ. ಪೂರ್ತಿ ತುಂಬಿದ್ದರೆ ದೇಶಕ್ಕೆ ಸುಮಾರು ಒಂಬತ್ತೂವರೆ ದಿನಕ್ಕೆ ಸಾಕೆಂದು ಸರ್ಕಾರದ ಲೆಕ್ಕ. 2018ರಲ್ಲಿ ಮಂಗಳೂರಿನ ಕಣಜದ ಒಂದು ಭಾಗವನ್ನು ತುಂಬಿದ್ದು ಅಬುಧಾಬಿಯ ತೈಲ ಕಂಪನಿ. ತೈಲ ಅವರದು, ಕಣಜ ನಮ್ಮದು, ಆಪತ್ಕಾಲದಲ್ಲಿ ಮೊದಲ ಹಕ್ಕು ನಮ್ಮದು. ಪರದೇಶದ ಬಂಡವಾಳವೆಂದೊಡನೆ ಹೌಹಾರುವವರೂ ಇದ್ದಾರೆ, ಅದೇ ಸರ್ವರೋಗಕ್ಕೂ ಮದ್ದೆನ್ನುವವರೂ ಇದ್ದಾರೆ. ಇಬ್ಬರೂ ನೋಡದೆ ಬಿಡುವುದು ಇಂಥ ಷರತ್ತಿನ ವಾಕ್ಯವನ್ನು.

ಷರತ್ತು ತಿರುಗಾಮುರುಗಾ ಆದರೆ ಏನಾಗುತ್ತದೆಂಬುದನ್ನು ಸ್ವತಂತ್ರ ಭಾರತ ಬೇಗನೆ ಕಂಡಿತು. 1950ರ ದಶಕದಲ್ಲಿ ಬರ್ಮಾ ಷೆಲ್ ಹಾಗೂ ಅಮೆರಿಕದ ಎರಡು ಕಂಪನಿಗಳು ಮುಂಬಯಿಯಲ್ಲೂ ವಿಶಾಖಪಟ್ಟಣದಲ್ಲೂ ತೈಲ ಶುದ್ಧೀಕರಣದ ಕಾರಖಾನೆಗಳನ್ನು ಕಟ್ಟಿದವು. ಕಚ್ಚಾ ತೈಲವನ್ನು ತಮಗೆ ಬೇಕಾದ ಕಡೆಯಿಂದ ತರಿಸಿಕೊಳ್ಳುವ ಸ್ವಾತಂತ್ರ್ಯ ಒಪ್ಪಂದದಲ್ಲಿಯೇ ಅವಕ್ಕಿತ್ತು. 1960ರಲ್ಲಿ ಸೋವಿಯತ್ ಒಕ್ಕೂಟ ಕಡಿಮೆ ಬೆಲೆಗೆ, ಅದೂ ರೂಪಾಯಿಯಲ್ಲೇ ಹಣ ಪಡೆದು, ಕಚ್ಚಾ ತೈಲ ಕೊಡಲು ಮುಂದೆ ಬಂತು. ಡಾಲರಿಗೆ ಬಾಯಿಬಿಡುತ್ತಿದ್ದ ದೇಶಕ್ಕೆ ಇದಕ್ಕಿಂತ ಬೇಕೇನು? ಆದರೆ ಅದನ್ನು ಶುದ್ಧೀಕರಿಸಿಕೊಡಲು ಕಂಪನಿಗಳು ಒಪ್ಪಲಿಲ್ಲ. ಕಾರಖಾನೆ ನಿಂತಿದ್ದುದು ನಮ್ಮ ಮಣ್ಣಿನಲ್ಲಿ. ನಿರ್ಧಾರವಾಗುತ್ತಿದ್ದುದು ಲಂಡನ್, ನ್ಯೂಯಾರ್ಕುಗಳಲ್ಲಿ. ತಮ್ಮ ಬೆಲೆಯನ್ನೇನೋ ಅವು ಇಳಿಸಿದವು, ರಷ್ಯದ ತೈಲವೆಂಬ ಮಾತು ಎದ್ದುದಕ್ಕೆ ಅಷ್ಟು ಪ್ರಯೋಜನವಾಯಿತು. ಆಗ ತೈಲದ ಹೊಣೆ ಹೊತ್ತಿದ್ದ ಸಚಿವ ಕೆ. ಡಿ. ಮಾಳವೀಯರು ಹಿಡಿದ ದಾರಿ ಬೇರೆ. ರುಮೇನಿಯದ ನೆರವಿನಿಂದ ಗುವಾಹಟಿಯಲ್ಲಿ, ಸೋವಿಯತ್ ನೆರವಿನಿಂದ ಬರೌನಿ ಮತ್ತು ಕೊಯಲಿಗಳಲ್ಲಿ ಸರ್ಕಾರದ್ದೇ ಕಾರಖಾನೆಗಳೆದ್ದವು. ಅವೂ ಪರದೇಶದ ನೆರವೇ ಸರಿ. ಆದರೆ ಅಲ್ಲಿ ಕೆಲಸ ಮಾಡುತ್ತಲೇ ನಮ್ಮ ಇಂಜಿನಿಯರರು ಕಲಿತರು, ಒಡೆತನವೂ ಇಲ್ಲಿಯೇ ಉಳಿಯಿತು. 1973ರಲ್ಲಿ ತೈಲದ ಬೆಲೆ ಕೆಲವೇ ತಿಂಗಳುಗಳಲ್ಲಿ ನಾಲ್ಕು ಪಟ್ಟಿನಷ್ಟಾದಾಗ ಪೆಟ್ಟು ನಮಗೂ ಬಿತ್ತು. ಮುಂದಿನ ಮೂರು ವರ್ಷಗಳಲ್ಲಿ ವಿದೇಶೀ ಕಂಪನಿಗಳ ಆ ಮೂರು ಕಾರಖಾನೆಗಳೂ ಸರ್ಕಾರದ ವಶವಾದವು.

ಪಾಠ ಕಲಿತೆವೆಂದುಕೊಂಡರೆ, ದಾಭೋಳದ ಕಥೆ ಎದುರಾಗುತ್ತದೆ. ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯಲ್ಲಿ ವಿದ್ಯುದಾಗಾರ ಕಟ್ಟಲು ಅಮೆರಿಕದ ಎನ್ರಾನ್ ಕಂಪನಿ 1992ರಲ್ಲಿ ಬಂತು. ವಿದ್ಯುತ್ತನ್ನು ರಾಜ್ಯದ ಮಂಡಲಿ ಕೊಳ್ಳಲಿ ಬಿಡಲಿ, ಸ್ಥಾವರ ಸಿದ್ಧವಾಗಿದ್ದುದಕ್ಕಾಗಿಯೇ ಹಣ ತೆರಬೇಕು. ದರ ಡಾಲರಿಗೆ ಹೊಂದಿಕೊಂಡದ್ದು. ರಾಜ್ಯ ತಪ್ಪಿದರೆ ಕೇಂದ್ರ ಸರ್ಕಾರದ ಖಾತರಿ. ರೂಪಾಯಿ ಇಳಿದರೂ, ಇಂಧನದ ಬೆಲೆ ಏರಿದರೂ ನಷ್ಟ ಕೊಳ್ಳುವವನ ತಲೆಗೇ. 1999ರಲ್ಲಿ ಉತ್ಪಾದನೆ ಮೊದಲಾಯಿತು. 2001ರ ಮೇ ತಿಂಗಳಲ್ಲಿ ಮಂಡಲಿ ಕೊಳ್ಳುವುದನ್ನು ನಿಲ್ಲಿಸಿತು. ಅದೇ ಡಿಸೆಂಬರಿನಲ್ಲಿ ಎನ್ರಾನೇ ದಿವಾಳಿಯೆದ್ದಿತು. ವಿದ್ಯುತ್ತಿನ ಕೊರತೆಯಿದ್ದ ದೇಶದಲ್ಲಿ ಕಟ್ಟಿ ಮುಗಿಸಿದ ಯಂತ್ರಗಳು ವರ್ಷಗಟ್ಟಲೆ ತುಕ್ಕು ಹಿಡಿಯುತ್ತ ನಿಂತವು.

ಇದಕ್ಕೆ ತೊಂಬತ್ತು ವರ್ಷ ಮುಂಚೆಯೇ ಮೈಸೂರು ಸಂಸ್ಥಾನ ಹೆಚ್ಚಿನ ಜಾಣತನ ತೋರಿತ್ತು ಎಂದರೆ ಅದು ಊರಭಿಮಾನದ ಮಾತಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಶಿವನಸಮುದ್ರದ ಯೋಜನೆಯಲ್ಲಿ ವಿದ್ಯುತ್ ಯಂತ್ರ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯದು; ವಿದ್ಯುತ್ತನ್ನು ಕೊಂಡವರು ಕೋಲಾರದ ಚಿನ್ನದ ಗಣಿಗಳನ್ನು ನಡೆಸುತ್ತಿದ್ದ ಇಂಗ್ಲೆಂಡಿನ ಕಂಪನಿಗಳು; ನಡುವೆ ನಿಂತ ಒಡೆಯ ಮಾತ್ರ ಸಂಸ್ಥಾನ. ಕೊಳ್ಳುವವರನ್ನು ಮೊದಲು ಗೊತ್ತುಮಾಡಿಕೊಂಡೇ ಕಟ್ಟಿದರು. 1902ರಲ್ಲಿ 147 ಕಿಲೋಮೀಟರು ದೂರದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಮೂರು ವರ್ಷಗಳ ಮೇಲೆ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿತು. ಸಂಸ್ಥಾನವನ್ನು ಆದರ್ಶವಾಗಿಸಬೇಕಿಲ್ಲ, ನಗರದ ಬಡ ಕೇರಿಗಳಿಗೂ ಹಳ್ಳಿಗಳಿಗೂ ಆ ಬೆಳಕು ತಲುಪಲು ದಶಕಗಳೇ ಹಿಡಿದವು. ಆದರೆ ಶಿವನಸಮುದ್ರದಲ್ಲಿ ಪಳಗಿದ ಕೈಗಳು ಮುಂದೆ ಶಿಂಷಾದಲ್ಲೂ ಜೋಗದಲ್ಲೂ ಕೆಲಸಕ್ಕೆ ಬಂದುದು ನಿಜ.

ಹೀಗೆ ಪಳಗಿದ ಕೈಗಳಿಗೆ ಅರ್ಥಶಾಸ್ತ್ರಜ್ಞರು ಈಚೆಗೆ ಒಂದು ಹೆಸರಿಟ್ಟಿದ್ದಾರೆ: ‘ಆರ್ಥಿಕ ಸಂಕೀರ್ಣತೆ’. ಹಿಡಾಲ್ಗೊ ಮತ್ತು ಹೌಸ್‌ಮನ್ ಎಂಬ ವಿದ್ವಾಂಸರು 2009ರಲ್ಲಿ ಮಂಡಿಸಿದ ವಿಚಾರವಿದು. ಒಂದು ದೇಶದ ಬಲವನ್ನು ಅದರ ಬೊಕ್ಕಸದಿಂದ ಅಳೆಯದೆ, ಎಷ್ಟು ಬಗೆಯ ವಸ್ತುಗಳನ್ನು, ಎಲ್ಲರಿಗೂ ಸಾಧ್ಯವಾಗದಂಥ ಎಷ್ಟು ವಸ್ತುಗಳನ್ನು ಅದು ಮಾಡಬಲ್ಲದು ಎಂಬುದರಿಂದ ಅಳೆಯುತ್ತಾರೆ. ಕನ್ನಡ ಪಾಠ ಹೇಳಿದ ನನಗೆ ಅವರ ಗಣಿತ ದೂರ. ವಿಚಾರ ಮಾತ್ರ ನಮ್ಮ ಕಮ್ಮಾರ ಬಡಗಿಗಳಿಗೂ ತಿಳಿಯುವಂಥದು. ಗಾಡಿ ಕೊಂಡವನಿಗಿಂತ ಗಾಡಿಯ ಕೀಲು ಬಲ್ಲವನು ನಿಶ್ಚಿಂತ.

ಸೂರ್ಯನ ಬೆಳಕಿನ ವಿದ್ಯುತ್ತನ್ನೇ ನೋಡಿ. ಬಿಸಿಲಿಗೆ ಯಾವ ದೇಶವೂ ಸುಂಕ ಹಾಕಲಾರದು, ಯಾವ ನೌಕಾಪಡೆಯೂ ಅದನ್ನು ತಡೆಯಲಾರದು. ಆದರೆ ಫಲಕ? ಶುದ್ಧ ಸಿಲಿಕಾನ್, ಅದನ್ನು ಸೀಳಿದ ತೆಳುಬಿಲ್ಲೆ, ಬಿಲ್ಲೆಯಿಂದ ಕೋಶ, ಕೋಶಗಳನ್ನು ಜೋಡಿಸಿದ ಫಲಕ: 2022ರ ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯ ವರದಿಯಂತೆ ಈ ಪ್ರತಿಯೊಂದು ಹಂತದಲ್ಲೂ ಚೀನದ ಪಾಲು ಶೇಕಡಾ 80ಕ್ಕೂ ಹೆಚ್ಚು. ನಮ್ಮಲ್ಲಿ ಫಲಕ ಜೋಡಿಸುವ ಕಾರಖಾನೆಗಳು ಈಗ ಭರದಿಂದ ಬೆಳೆದಿವೆ. ಹಿಂದಿನ ಹಂತಗಳಿಗೆ ಹೋದಷ್ಟೂ ನಮ್ಮ ಕೈ ಬರಿದಾಗುತ್ತದೆ. ಕೊಲ್ಲಿಯ ತೈಲ ತಪ್ಪಿಸಿಕೊಳ್ಳಲು ಹೋಗಿ ಇನ್ನೊಂದು ಬಾಗಿಲಲ್ಲಿ ನಿಲ್ಲುವುದು ಭದ್ರತೆಯೆನಿಸೀತೆ? ಒಂದು ಸಮಾಧಾನವಿದೆ: ತೈಲ ನಿಂತರೆ ಗಾಡಿ ಕೆಲವೇ ವಾರಗಳಲ್ಲಿ ನಿಲ್ಲುತ್ತದೆ, ಫಲಕದ ಆಮದು ನಿಂತರೂ ಹಾಕಿದ ಫಲಕ ಇಪ್ಪತ್ತು ವರ್ಷ ದುಡಿಯುತ್ತದೆ. ಆ ಅವಧಿಯಲ್ಲಿ ಕಲಿಯಬೇಕು.

ಇನ್ನು ಜನರ ನಡೆನುಡಿಯ ಮಾತು. ಲೆಕ್ಕಿಗರು ಇದನ್ನು ಕಡೆಗಣಿಸುವುದೇ ಹೆಚ್ಚು. ಕರ್ನಾಟಕದಲ್ಲಿ 2008ರಿಂದ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ವಿದ್ಯುತ್ತು ಉಚಿತ. ರೈತನ ಕಷ್ಟ ಬಲ್ಲವರಾರೂ ಇದನ್ನು ಹೀನಾಯವಾಗಿ ಕಾಣಲಾರರು. ಆದರೆ ಮೀಟರೇ ಇಲ್ಲದ ಕಡೆ ಎಷ್ಟು ಉರಿಯಿತು, ಎಷ್ಟು ಸೋರಿತು ಎಂಬುದು ಅಂದಾಜಿನ ಮಾತಾಗುತ್ತದೆ. ಕೊಳವೆ ಬಾವಿಯ ನೀರು ಮಾತ್ರ ಅಂದಾಜಿಲ್ಲದೆ ಕೆಳಗಿಳಿಯುತ್ತದೆ. ಅದೇ ನಾಡಿನ ರಾಜಧಾನಿಯಲ್ಲಿ ಸ್ನಾನದ ನೀರನ್ನು ಬಿಸಿಲಿನಲ್ಲಿ ಕಾಯಿಸುವ ರೂಢಿ ಬಂತಲ್ಲ! ಬೆಂಗಳೂರಿನ ತಾರಸಿಗಳ ಮೇಲಿನ ತೊಟ್ಟಿಗಳು ಅದಕ್ಕೆ ಸಾಕ್ಷಿ. ನಿಯಮವೂ ನೆರವಾಯಿತು, ನೆರೆಮನೆಯ ಮೇಲ್ಪಂಕ್ತಿಯೂ ನೆರವಾಯಿತು.

ಬಂಡವಾಳ, ಅರಿವು, ನಡೆನುಡಿ ಮೂರೂ ಒಂದೆಡೆ ಕೂಡಿರುವುದನ್ನು ನೋಡಬೇಕೆನ್ನುವವರು ತುಮಕೂರು ಜಿಲ್ಲೆಯ ಪಾವಗಡಕ್ಕೆ ಹೋಗಬೇಕು. ಬರದ ಸೀಮೆಯೆಂದೇ ಹೆಸರಾದ ಆ ತಾಲ್ಲೂಕಿನ ಐದು ಹಳ್ಳಿಗಳ 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಉದ್ಯಾನವಿದೆ. ಅಲ್ಲಿಗೆ ಮೊದಮೊದಲು ಬಂದ ಕಂಪನಿಗಳಲ್ಲಿ ಫಿನ್ಲೆಂಡಿನ ಫೋರ್ಟಮ್ ಕೂಡ ಒಂದು. ಸರ್ಕಾರ ಭೂಮಿಯನ್ನು ಕೊಳ್ಳಲಿಲ್ಲ. ಅಜ್ಜನ ಹೊಲ ಮಾರಲೊಲ್ಲದ ರೈತ, ಬೆಳೆಯಾಗದ ಹೊಲವನ್ನು ಗುತ್ತಿಗೆಗೆ ಕೊಡಲು ಒಪ್ಪಿದ. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರ ಏರಿಕೆ. ಪಹಣಿಯಲ್ಲಿ ಹೆಸರು ಅವನದೇ. ಇಷ್ಟು ದೊಡ್ಡ ಯೋಜನೆಗೆ ನೆಲ ದೊರೆತದ್ದು ಹೀಗೆ. ಆದರೆ ಗುತ್ತಿಗೆಯ ಹಣ ಬರುವುದು ಹೊಲದ ಒಡೆಯನಿಗೆ. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಬೀಳು ನೆಲದಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಪಹಣಿ ಇಲ್ಲ. ಬೇಲಿಯೊಳಗೆ ಅವರಿಗೆ ದೊರೆತ ಕೆಲಸ ಫಲಕದ ಧೂಳು ತೊಳೆಯುವುದು, ಹುಲ್ಲು ಕೀಳುವುದು, ಕಾವಲು ಕಾಯುವುದು. ಅದೂ ಎಲ್ಲರಿಗೂ ದೊರೆಯಲಿಲ್ಲ.